ಅಲೆ ಬಂದಾಗ ಅಲೆಯ ಕಡೆಗೇ ವಾಲಬೇಕು

ಮಂಗಳೂರಿನ ಹತ್ತಿರದ ಸಸಿಹಿತ್ಲುವಿನಲ್ಲಿ ನಾನು ಮೊದಲ ಸಲ ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ, ಮಗುಚಿಕೊಂಡಾಗ ಅಲೆ ಸೊಂಟದೆತ್ತರವೂ ಇರಲಿಲ್ಲ. ಶಾಂಭವಿ ಮತ್ತು ನಂದಿನಿ ಎರಡೂ ನದಿಗಳು ಕಡಲು ಸೇರುವ ಜಾಗ ಅದು. ಬೆಳಗ್ಗೆ ಅಳಿವೆ ಬಾಗಿಲಿನಿಂದ ಹೊರಗೆ ಹೋಗಿ, ಒಂದು ಸುತ್ತು ಹಾಕಿ, ದಡದ ಕಡೆಗೆ ವಾಪಸ್ ಬರುತ್ತಿದ್ದೆ. ಹಿಂದಿನಿಂದ ಬಂದ ಅಲೆ ದೋಣಿಯ ಹಿಂಬದಿಯನ್ನು ಎತ್ತಿ ಪಕ್ಕಕ್ಕೆ ತಿರುಗಿಸಿಬಿಟ್ಟಿತು. ಈಗ ನನ್ನ ಎಡಕ್ಕೆ ಕಡಲು, ಬಲಕ್ಕೆ ದಡ. ಎಡಗಡೆಯಿಂದ ಬಿಳಿ ನೊರೆಯ ಗೋಡೆ ಬರುತ್ತಿದೆ. ಹೊಡೆಯಲು ಬಂದವರಿಂದ ತಪ್ಪಿಸಿಕೊಳ್ಳುವ ಹಾಗೆ ನಾನು ಬಲಕ್ಕೆ ವಾಲಿದೆ. ಮುಂದಿನ ಸೆಕೆಂಡಿಗೆ ಬಾಯಿ, ಮೂಗು, ಕಿವಿ ಎಲ್ಲ ಕಡೆ ಮರಳು.

ನಮಗೆ ಕಲಿಸುತ್ತಿದ್ದವರು ದೋಣಿಯ ನೀರು ಚೆಲ್ಲುತ್ತಾ ಹೇಳಿದ್ದು ಇಷ್ಟೇ: "ನೀವು ಓಡಿಹೋಗ್ಲಿಕ್ಕೆ ನೋಡಿದ್ದು ಮಾರಾಯ್ರೆ. ಅದರ ಮೇಲೆ ಒರಗಬೇಕಿತ್ತು."

ಅಲೆಯ ಮೇಲೆ ಒರಗುವುದಾ? ಕೇಳಲಿಕ್ಕೆ ತಮಾಷೆ. ಆದರೆ ಕಡಲಿನ ಕಯಾಕಿಂಗ್‌ನಲ್ಲಿ ಬ್ರೇಸ್ ಅನ್ನುವ ವಿದ್ಯೆಯೆಲ್ಲ ಈ ಮಾತಿನ ಸುತ್ತಲೇ ತಿರುಗುತ್ತದೆ. ಕೆಸರಿನಲ್ಲಿ ಕಾಲು ಜಾರಿದಾಗ ಪಕ್ಕದ ಗೋಡೆಗೆ ಕೈ ಕೊಡುತ್ತೀವಲ್ಲ, ಬ್ರೇಸ್ ಅಂದರೆ ಅದೇ. ವ್ಯತ್ಯಾಸ ಒಂದೇ, ಇಲ್ಲಿ ಗೋಡೆ ನೀರಿನದ್ದು. ಕಯಾಕಿನ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು, ಒಂದೊಂದು ಅಲಗೂ ಒಂದು ಊಟದ ತಟ್ಟೆಯಷ್ಟು ಅಗಲ ಇರುತ್ತದೆ. ಅದನ್ನು ನೀರಿನ ಮೇಲೆ ಚಪ್ಪಟೆಯಾಗಿ ಒತ್ತಿದರೆ ಒಂದು ಕ್ಷಣ ತಡೆಯುತ್ತದೆ, ಆಮೇಲೆ ಮುಳುಗುತ್ತದೆ. ಆ ಒಂದು ಕ್ಷಣದಲ್ಲಿ ನೀವು ಏನು ಮಾಡುತ್ತೀರಿ ಅನ್ನುವುದೇ ಎಲ್ಲ. ಬಹಳ ಜನ ಆ ಹೊತ್ತಿನಲ್ಲಿ ಕೈಗೆ ಇನ್ನಷ್ಟು ಬಲ ಹಾಕುತ್ತಾರೆ. ಅಲ್ಲೇ ಕೆಡುವುದು.

ಮೊದಲು ದೋಣಿಯ ಬಗ್ಗೆ ಸ್ವಲ್ಪ. ಕಡಲಿನ ಕಯಾಕ್ ಸುಮಾರು 5 ಮೀಟರ್ ಉದ್ದ, 55ರಿಂದ 60 ಸೆಂಟಿಮೀಟರ್ ಅಗಲ. ಒಂದು ಬಾಗಿಲಿನ ಅಗಲವೂ ಇಲ್ಲ. ಕೂತ ಕೂಡಲೇ ಅದು ಅಲುಗಾಡುತ್ತದೆ, ಹೊಸಬರು ಹೆದರಿ ಮೈಯನ್ನು ಕಟ್ಟಿಗೆಯ ಹಾಗೆ ಬಿಗಿ ಮಾಡುತ್ತಾರೆ. ಬಿಗಿಯಾದ ಮೈ ದೋಣಿಗೆ ಅಂಟಿಸಿದ ಕಂಬದ ಹಾಗೆ. ಅಲೆ ದೋಣಿಯನ್ನು ಓರೆ ಮಾಡಿದರೆ ಕಂಬವೂ ಓರೆಯಾಗಿ ಬೀಳುತ್ತದೆ. ಆಗುಂಬೆ ಘಾಟಿಯಲ್ಲಿ ಬಸ್ ತಿರುಗುವಾಗ ಕಂಡಕ್ಟರ್ ನಿಲ್ಲುವುದನ್ನು ನೋಡಿ. ಒಂದು ಕೈಯಲ್ಲಿ ಟಿಕೆಟ್ ಮೆಷಿನ್, ಇನ್ನೊಂದರಲ್ಲಿ ಚಿಲ್ಲರೆ, ಎಲ್ಲೂ ಹಿಡಿದುಕೊಂಡಿರುವುದಿಲ್ಲ. ಸೊಂಟದ ಕೆಳಗಿನದ್ದೆಲ್ಲ ಬಸ್ಸಿನ ಜೊತೆ ಹೋಗುತ್ತದೆ, ಮೇಲಿನದ್ದು ನೆಟ್ಟಗೆ ಉಳಿಯುತ್ತದೆ. ಕಯಾಕಿನಲ್ಲಿ ಬೇಕಾದದ್ದು ಅದೇ ಸಡಿಲ ಸೊಂಟ.

ಸಡಿಲ ಅಂದರೆ ದೋಣಿಯೊಳಗೆ ಉರುಳಾಡುವುದು ಅಲ್ಲ. ಪಾದ, ತೊಡೆ, ಸೊಂಟದ ಪಕ್ಕ, ಕುಂಡಿ, ಈ ನಾಲ್ಕೂ ದೋಣಿಗೆ ತಾಗಿರಬೇಕು. ತೊಡೆಯಿಂದ ಮೇಲಕ್ಕೆ ಒತ್ತಿದರೆ ದೋಣಿಯ ಆ ಬದಿ ಮೇಲೇಳಬೇಕು. ಸಾಲಿಗ್ರಾಮದಲ್ಲೋ ಹೊನ್ನಾವರದ ಕಾಂಡ್ಲಾ ಕಾಡಿನಲ್ಲೋ ಬಾಡಿಗೆಗೆ ಸಿಗುವ ಅಗಲವಾದ, ಮೇಲೆ ಕೂರುವ ಕಯಾಕ್‌ಗಳಲ್ಲಿ ತೊಡೆ ಸಿಕ್ಕಿಸಲು ಸಾಮಾನ್ಯವಾಗಿ ಏನೂ ಇರುವುದಿಲ್ಲ. ಹಿನ್ನೀರಿನಲ್ಲಿ ಅದು ಆರಾಮ. ಅಲೆಯಲ್ಲಿ ಮಾತ್ರ ಜೀನು ಇಲ್ಲದ ಕುದುರೆ.

ಈಗ ಮುಖ್ಯ ವಿಷಯ. ನೀವು ಬಲಕ್ಕೆ ಬೀಳುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಹುಟ್ಟಿನ ಬಲ ಅಲಗು ನೀರಿನ ಮೇಲೆ ಒತ್ತಿದೆ. ಮನಸ್ಸು ಏನು ಹೇಳುತ್ತದೆ? ಮೊದಲು ತಲೆ ಎತ್ತು, ಉಸಿರು ತಗೋ. ತಲೆಯನ್ನು ಎಡಕ್ಕೆ, ಮೇಲಕ್ಕೆ ಎಸೆಯುತ್ತೀರಿ. ಎಸೆಯಬೇಕಾದರೆ ಮೈಯ ಎಡಪಕ್ಕ ಕುಗ್ಗುತ್ತದೆ, ಅದರ ಜೊತೆ ಎಡಮಂಡಿಯೂ ಮೇಲೇಳುತ್ತದೆ. ದೋಣಿಯ ಎಡಬದಿ ಎದ್ದರೆ ಬಲಬದಿ ಇನ್ನೂ ಕೆಳಗೆ ಹೋಗುತ್ತದೆ. ಅಂದರೆ ನಿಮ್ಮನ್ನು ಉಳಿಸಿಕೊಳ್ಳಲು ಮಾಡಿದ ಕೆಲಸವೇ ದೋಣಿಯನ್ನು ಪೂರ್ತಿ ಮಗುಚುತ್ತದೆ. ಮೇಲಾಗಿ ನಾಲ್ಕೈದು ಕೆಜಿಯ ತಲೆಯನ್ನು ಅಷ್ಟು ಚಿಕ್ಕ ಅಲಗಿನ ಮೇಲೆ ಭಾರ ಹಾಕಿ ಎತ್ತಬೇಕು.

ಸರಿಯಾದದ್ದು ಇದರ ಉಲ್ಟಾ. ಬೀಳುತ್ತಿರುವ ಕಡೆಯ ಭುಜದ ಮೇಲೆಯೇ ತಲೆ ಒರಗಿಸಿ, ನೀರನ್ನು ನೋಡುತ್ತಾ ಬಲಮಂಡಿಯನ್ನು ಮೇಲಕ್ಕೆ ಎಳೆಯಬೇಕು. ಈಗಲೇ ಕುರ್ಚಿಯಲ್ಲಿ ಕೂತು ಬಲಮಂಡಿಯನ್ನು ಸೊಂಟದಿಂದ ಮೇಲೆಳೆದು ನೋಡಿ. ಬಲಭುಜ ತಾನಾಗಿ ಕೆಳಕ್ಕೆ ಬರುತ್ತದೆ. ಎರಡೂ ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ. ಕಯಾಕಿನಲ್ಲಿ ಮೊದಲು ದೋಣಿ ನೆಟ್ಟಗಾಗಬೇಕು, ಆಮೇಲೆ ಮೈ, ಕೊನೆಗೆ ತಲೆ. ಹುಟ್ಟು ಇಲ್ಲಿ ಬರೀ ಊರುಗೋಲು. ಎತ್ತುವುದು ಸೊಂಟ. ನಮ್ಮ ತಂಡದಲ್ಲಿ ಜಿಮ್‌ಗೆ ಹೋಗಿ ತೋಳು ಬೆಳೆಸಿದ ಒಬ್ಬರು ಪ್ರತಿ ಸಲ ಮಗುಚುತ್ತಿದ್ದರು. ಸಣ್ಣಗಿದ್ದ ಕಾಲೇಜು ಹುಡುಗಿಯೊಬ್ಬಳು ಎರಡನೇ ದಿನಕ್ಕೇ ಕಲಿತಳು. ಅವಳ ಬಳಿ ತೋಳಿನ ಬಲ ಇರಲಿಲ್ಲ, ಹಾಗಾಗಿ ಅದನ್ನು ನಂಬುವ ಪ್ರಶ್ನೆಯೇ ಬರಲಿಲ್ಲ.

ಬ್ರೇಸ್‌ನಲ್ಲಿ ಮುಖ್ಯವಾಗಿ ಎರಡು ರೀತಿ. ತಗ್ಗಿನ ಬ್ರೇಸ್, ಎತ್ತರದ ಬ್ರೇಸ್. ಹೆಸರು ಕೇಳಿ ಮೋಸ ಹೋಗಬೇಡಿ, ಎರಡರಲ್ಲೂ ಕೈ ಕೆಳಗೇ ಇರಬೇಕು.

ತಗ್ಗಿನದ್ದು ದಂಡ ಹೊಡೆಯುವ ಭಂಗಿ. ಹುಟ್ಟನ್ನು ಮಡಿಲಿನ ಹತ್ತಿರ ಅಡ್ಡಲಾಗಿ ಹಿಡಿಯಿರಿ. ಮೊಣಕೈ ಹುಟ್ಟಿನ ಮೇಲ್ಗಡೆ, ಬೆರಳಿನ ಗಿಣ್ಣುಗಳು ನೀರಿನ ಕಡೆಗೆ. ಅಲಗಿಗೆ ಎರಡು ಮುಖ ಇರುತ್ತದೆ. ನೀರನ್ನು ಬಾಚಿ ಎಳೆಯುವ ಗುಳಿಯ ಮುಖ ಒಂದು, ಅದರ ಬೆನ್ನು ಇನ್ನೊಂದು. ಇಲ್ಲಿ ಬೆನ್ನು ನೀರಿಗೆ ತಾಗಬೇಕು. ಅಲಗು ದೋಣಿಯಿಂದ ಆದಷ್ಟು ದೂರ, ನೇರ ಪಕ್ಕಕ್ಕೆ ಹೋಗಬೇಕು. ದೂರ ಹೋದಷ್ಟೂ ಸನ್ನೆಗೋಲಿನ ಲಾಭ ಜಾಸ್ತಿ. ಜೋರಾಗಿ ಬಡಿದರೆ ಫಟ್ ಅಂತ ಸದ್ದು ಬರುತ್ತದೆ, ನೋಡುವವರಿಗೆ ಚೆಂದ. ಸದ್ದಿನಿಂದ ಆಧಾರ ಸಿಗುವುದಿಲ್ಲ, ಅಲಗು ಚಪ್ಪಟೆಯಾಗಿ ಇಳಿದರೆ ಮಾತ್ರ ಸಿಗುತ್ತದೆ. ಅಂಚು ಸ್ವಲ್ಪ ವಾರೆಯಾದರೂ ಬೆಣ್ಣೆಗೆ ಚಾಕು ಹೋದ ಹಾಗೆ ಸೀದಾ ಕೆಳಗೆ.

ಒತ್ತಿ, ಮಂಡಿ ಎಳೆದು, ದೋಣಿ ನೆಟ್ಟಗಾಯಿತು. ಈಗ ಅಲಗು ನೀರಿನೊಳಗೆ ಒಂದು ಗೇಣು ಮುಳುಗಿದೆ. ಇಲ್ಲಿ ಇನ್ನೊಂದು ಗುಂಡಿ ಕಾದಿದೆ. ಹಾಗೇ ಮೇಲೆತ್ತಿದರೆ ಅಲಗಿನ ಮೇಲಿರುವ ನೀರೆಲ್ಲ ಭಾರವಾಗಿ, ನೀವು ಎತ್ತುವ ಬದಲು ಅದೇ ನಿಮ್ಮನ್ನು ಕೆಳಗೆಳೆಯುತ್ತದೆ. ನಾನು ಒಂದು ಮಧ್ಯಾಹ್ನ ಪೂರ್ತಿ ಹೀಗೆ ಬಿದ್ದಿದ್ದೇನೆ. ಕಷ್ಟಪಟ್ಟು ನೆಟ್ಟಗಾಗುವುದು, ಆಮೇಲೆ ಹುಟ್ಟು ಎತ್ತಲು ಹೋಗಿ ಮತ್ತೆ ಮಗುಚುವುದು. ಮಣಿಕಟ್ಟನ್ನು ತಿರುಗಿಸಿ ಅಲಗಿನ ಅಂಚನ್ನು ಮೇಲೆ ಮಾಡಿ ಎಳೆದರೆ ಅದು ಸುಮ್ನೆ ಜಾರಿ ಬರುತ್ತದೆ. ದೋಸೆ ಹಿಟ್ಟಿನಲ್ಲಿ ಮುಳುಗಿದ ಮಗುಚುವ ಕೈಯನ್ನು ಹೇಗೆ ಎತ್ತುತ್ತೀರಿ, ಹಾಗೆ.

ಎತ್ತರದ ಬ್ರೇಸ್ ಬೇಕಾಗುವುದು ದೋಣಿ ಜಾಸ್ತಿ ವಾಲಿದಾಗ, ಅಥವಾ ಒಡೆಯುವ ಅಲೆ ಭುಜದ ಎತ್ತರಕ್ಕೆ ಬಂದಾಗ. ಈಗ ಮೊಣಕೈ ಹುಟ್ಟಿನ ಕೆಳಗೆ, ಪಕ್ಕೆಲುಬಿಗೆ ಹತ್ತಿರ. ಗುಳಿಯ ಮುಖ ನೀರಿಗೆ. ಕಂಬಿಗೆ ಜೋತುಬಿದ್ದು ಗಲ್ಲವನ್ನು ಕಂಬಿಯ ಮಟ್ಟಕ್ಕೆ ಎಳೆದ ಹಾಗೆ. ಕೈಗಳು ಗಲ್ಲಕ್ಕಿಂತ ಮೇಲೆ ಹೋಗಬಾರದು, ಎದೆಯ ಮುಂದೆಯೇ ಇರಬೇಕು.

ಇದನ್ನು ಎಲ್ಲರೂ ಇಷ್ಟು ಒತ್ತಿ ಹೇಳಲು ಕಾರಣ ಇದೆ. ಭುಜದ ಕೀಲು ನಮ್ಮ ಮೈಯ ಅತಿ ಸಡಿಲವಾದ ಕೀಲು. ಸೊಂಟದ ಗುಂಡು ಬಟ್ಟಲಿನೊಳಗೆ ಕೂತಿದ್ದರೆ, ಭುಜದ್ದು ಹೆಚ್ಚುಕಡಿಮೆ ತಟ್ಟೆಯ ಮೇಲೆ ಇಟ್ಟ ಚೆಂಡು. ಕೈಯನ್ನು ತಲೆಯ ಮೇಲೆತ್ತಿ, ಸ್ವಲ್ಪ ಹಿಂದಕ್ಕೆ ಚಾಚಿದ ಸ್ಥಿತಿಯಲ್ಲಿ ಅಲೆಯೊಂದು ಅಲಗನ್ನು ಹಿಡಿದು ಎಳೆದರೆ ಆ ಚೆಂಡು ಮುಂದಕ್ಕೆ ಹಾರಿ ಕೀಲು ತಪ್ಪುತ್ತದೆ. ಕಡಲಿನ ಮಧ್ಯೆ ಒಂದು ಕೈ ನಿಂತುಹೋದರೆ ಗತಿ ಏನು? ದೊಡ್ಡ ಅಲೆಯಲ್ಲಿ ಎರಡೂ ಕೈ ಮೇಲೆತ್ತಿ ಹುಟ್ಟು ಚಾಚಿದ ಫೋಟೋಗಳು ವೀರಾವೇಶದಿಂದ ಕಾಣುತ್ತವೆ. ನನಗೆ ಅವುಗಳಲ್ಲಿ ಕಾಣುವುದು ಆಸ್ಪತ್ರೆ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ತಗ್ಗಿನದ್ದು ಒಂದೇ ಸಾಕು. ಅದು ಸಾಲದಷ್ಟು ದೊಡ್ಡ ಅಲೆ ಇದ್ದರೆ ದಡದಲ್ಲಿ ಕೂತು ಚಾ ಕುಡಿಯಿರಿ.

ಮೂರನೆಯದೂ ಒಂದಿದೆ, ಸ್ಕಲ್ಲಿಂಗ್. ಒಂದು ಸಲ ಒತ್ತಿದ ಅಲಗು ಮುಳುಗುತ್ತದೆ ಅಂದೆನಲ್ಲ. ಮುಳುಗದೆ ನಿರಂತರ ಆಧಾರ ಬೇಕಿದ್ದರೆ ಅಲಗನ್ನು ಹಿಂದೆ ಮುಂದೆ ಸವರುತ್ತಿರಬೇಕು. ಗಾರೆ ಕೆಲಸದವರು ಕರಣೆ ಹಿಡಿದು ಗೋಡೆಗೆ ಸಿಮೆಂಟ್ ಸವರುವುದನ್ನು ನೋಡಿ. ಕರಣೆ ಯಾವ ಕಡೆ ಹೋಗುತ್ತದೋ ಆ ಕಡೆಯ ಅಂಚು ಕೂದಲೆಳೆಯಷ್ಟು ಎತ್ತಿರುತ್ತದೆ. ವಾಪಸ್ ಬರುವಾಗ ಇನ್ನೊಂದು ಅಂಚು ಏಳುತ್ತದೆ. ಎತ್ತದಿದ್ದರೆ ಸಿಮೆಂಟಿನಲ್ಲಿ ಹೂತುಹೋಗುತ್ತದೆ. ನೀರಿನಲ್ಲೂ ಅಷ್ಟೇ. ಮುಂದಿನ ಅಂಚು ಸ್ವಲ್ಪ ಎದ್ದಿದ್ದರೆ ಅಲಗು ಮೇಲೆ ಮೇಲೆ ತೇಲುತ್ತದೆ, ಅದರ ಮೇಲೆ ನೀವು ಎಷ್ಟು ಹೊತ್ತು ಬೇಕಾದರೂ ಒರಗಿರಬಹುದು.

ಈ ಒರಗುವ ವಿದ್ಯೆಯನ್ನು ಕೊನೆ ಮುಟ್ಟಿಸಿದವರು ಗ್ರೀನ್‌ಲ್ಯಾಂಡಿನ ಇನ್ಯೂಟ್ ಬೇಟೆಗಾರರು. ಕಯಾಕ್ ಅನ್ನುವ ಪದವೇ ಅವರ ಕಯಾಕ್ಕ್‌ನಿಂದ ಬಂದದ್ದು. ತೇಲಿಬಂದ ಮರ ಮತ್ತು ಮೂಳೆಯ ಚೌಕಟ್ಟಿಗೆ ಸೀಲ್ ಚರ್ಮ ಹೊಲಿದು ಮಾಡಿದ ದೋಣಿ, ಕಡಲಿನಲ್ಲಿ ಮಂಜುಗಡ್ಡೆ. ನೀರಿಗೆ ಬಿದ್ದರೆ ಈಜುವ ಮಾತೇ ಇಲ್ಲ, ದೋಣಿಯೊಳಗೇ ಇದ್ದು ಮೇಲೆ ಬರಬೇಕು. ಅದಕ್ಕೇ ಮಗುಚಿದ ದೋಣಿಯನ್ನು ತಲೆಕೆಳಗಿನಿಂದ ತಿರುಗಿಸಿ ಏಳುವ ಹತ್ತಾರು ಬಗೆಯ ರೋಲ್‌ಗಳನ್ನು ಅವರು ಕಂಡುಕೊಂಡರು. ಹುಟ್ಟು ಕಳೆದುಹೋದರೆ, ಈಟಿಯ ಹಗ್ಗ ಕೈಗೆ ಸುತ್ತಿಕೊಂಡರೆ, ಒಂದೊಂದು ಆಪತ್ತಿಗೂ ಒಂದೊಂದು. ಅವರ ಹುಟ್ಟು ಮರದ್ದು, ಅಗಲ ಕಮ್ಮಿ, ಗುಳಿ ಇಲ್ಲ. ನೋಡಲು ಒಂದು ಪಟ್ಟಿ. ಬೇಕಾದಾಗ ಅದರ ತುದಿಯನ್ನೇ ಹಿಡಿದು ಪೂರ್ತಿ ಉದ್ದವನ್ನು ಹೊರಗೆ ಚಾಚಬಹುದು. ಸನ್ನೆಗೋಲು ಎಷ್ಟು ಉದ್ದವಾಯಿತು ನೋಡಿ.

ಅವರಲ್ಲಿ ಇನ್ನೊಂದು ಪಟ್ಟು ಇದೆ. ದೋಣಿಯನ್ನು ಓರೆ ಮಾಡಿ, ಬೆನ್ನಡಿಯಾಗಿ ನೀರಿನ ಮೇಲೆ ಮಲಗಿಬಿಡುವುದು. ತಲೆ ನೀರಿನಲ್ಲಿ, ಕೈಗಳು ಅಗಲ, ಹುಟ್ಟಿಗೆ ಕೆಲಸವೇ ಇಲ್ಲ. ದೋಣಿ ಮಗುಚುವುದಿಲ್ಲ. ಯಾಕೆಂದರೆ ನಮ್ಮ ಮೈ ತೇಲುತ್ತದೆ, ನೀರಿಗೆ ಒಪ್ಪಿಸಿದಷ್ಟೂ ಅದು ಭಾರ ಹೊರುತ್ತದೆ. ಭಾರ ಆಗುವುದು ಎತ್ತಲು ಹೋದಾಗ. ತಲೆ ಕೊನೆಗೆ ಬರಲಿ ಅನ್ನುವುದರ ಅರ್ಥ ನನಗೆ ನಿಜವಾಗಿ ಹೊಳೆದದ್ದು ಇದನ್ನು ನೋಡಿದ ಮೇಲೆ.

ಯುರೋಪಿನವರು ರೋಲ್ ಕಲಿತದ್ದು ತಡವಾಗಿ. 1927ರಲ್ಲಿ ಆಸ್ಟ್ರಿಯಾದ ಹಾನ್ಸ್ ಪಾವ್ಲಾಟಾ ಮಾಡಿ ತೋರಿಸಿದ. ಬ್ರಿಟನ್ನಿನ ಗಿನೋ ವಾಟ್ಕಿನ್ಸ್ ಗ್ರೀನ್‌ಲ್ಯಾಂಡಿಗೇ ಹೋಗಿ ಅಲ್ಲಿನವರಿಂದ ಕಲಿತ, ಒಳ್ಳೆಯ ಕಯಾಕರ್ ಆದ. 1932ರ ಆಗಸ್ಟ್‌ನಲ್ಲಿ ಒಬ್ಬನೇ ಸೀಲ್ ಬೇಟೆಗೆ ಹೋದವನು ವಾಪಸ್ ಬರಲಿಲ್ಲ. ಖಾಲಿ ಕಯಾಕ್ ಸಿಕ್ಕಿತು, ಅವನು ಸಿಗಲಿಲ್ಲ. ವಯಸ್ಸು 25. ಒಬ್ಬರೇ ಹೋಗಬೇಡಿ ಅಂತ ಯಾರಾದರೂ ಹೇಳಿದರೆ ನನಗೆ ಇವನ ನೆನಪು.

ಈಗ ಸಸಿಹಿತ್ಲುವಿಗೆ ವಾಪಸ್ ಬರೋಣ. ಬಲಕ್ಕೆ, ಅಂದರೆ ದಡದ ಕಡೆಗೆ ವಾಲಿದರೆ ಯಾಕೆ ಮಗುಚಿತು? ಒಡೆದ ಅಲೆ ದೋಣಿಯನ್ನು ಅಡ್ಡಡ್ಡವಾಗಿ ದಡದ ಕಡೆಗೆ ತಳ್ಳುತ್ತಿದೆ. ದೋಣಿಯ ದಡದ ಬದಿಯಲ್ಲಿರುವ ನೀರು ಮಾತ್ರ ಅಷ್ಟು ವೇಗದಲ್ಲಿ ಚಲಿಸುತ್ತಿಲ್ಲ. ನಾನು ಆ ಕಡೆ ವಾಲಿದಾಗ ದೋಣಿಯ ಬಲ ಅಂಚು ಆ ನೀರಿಗೆ ಸಿಕ್ಕಿಹಾಕಿಕೊಂಡಿತು. ಓಡುವವನ ಕಾಲು ಹೊಸ್ತಿಲಿಗೆ ತಾಗಿದ ಹಾಗೆ. ಅಂಚು ನಿಂತಿತು, ಮೇಲಿನ ಭಾಗ ಮುಂದೆ ಹೋಯಿತು.

ಅಲೆಯ ಕಡೆಗೆ ವಾಲಿದರೆ ದಡದ ಕಡೆಯ ಅಂಚು ಮೇಲೇಳುತ್ತದೆ. ದೋಣಿಯ ಹೊಟ್ಟೆ ಆ ನೀರಿನ ಮೇಲೆ ಜಾರುತ್ತದೆ, ಸಿಕ್ಕಿಕೊಳ್ಳಲು ಏನೂ ಇಲ್ಲ. ಅಲಗನ್ನು ನೊರೆಯ ಮೇಲೆ ಇಟ್ಟರೆ ಇನ್ನೊಂದು ಆಶ್ಚರ್ಯ ಕಾದಿರುತ್ತದೆ. ಹಿನ್ನೀರಿನಲ್ಲಿ ಅಲಗು ಮುಳುಗುತ್ತಿತ್ತು, ಇಲ್ಲಿ ಮುಳುಗುವುದಿಲ್ಲ. ಒಡೆದ ಅಲೆಯ ನೀರು ಮುಂದಕ್ಕೂ ಮೇಲಕ್ಕೂ ನುಗ್ಗುತ್ತಿರುವುದರಿಂದ ಅದೇ ಅಲಗನ್ನು ಹೊತ್ತುಕೊಳ್ಳುತ್ತದೆ. ಹೆದರಿಸಿದ ಅಲೆಯೇ ಕೂರಲಿಕ್ಕೆ ಕುರ್ಚಿ ಕೊಟ್ಟ ಹಾಗೆ. ಎಷ್ಟು ವಾಲಬೇಕು? ಅಲೆ ಎಷ್ಟು ದೊಡ್ಡದೋ ಅಷ್ಟು. ಅಲೆಯ ಬಲ ಕಮ್ಮಿಯಾದ ಹಾಗೆ ನಿಧಾನಕ್ಕೆ ನೆಟ್ಟಗಾಗುತ್ತಾ ಬರಬೇಕು, ಇಲ್ಲದಿದ್ದರೆ ಒರಗಿದ ಗೋಡೆ ಮಾಯವಾಗಿ ಹಿಂದಕ್ಕೆ ಬೀಳುತ್ತೀರಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಚಿತ್ರ ಮಾತು. ಒರಟು ನೀರಿನಲ್ಲಿ ಪಳಗಿದವರು ಬ್ರೇಸ್ ಮಾಡುವುದು ಬಹಳ ಕಮ್ಮಿ. ಅವರು ಸುಮ್ನೆ ಹುಟ್ಟು ಹಾಕುತ್ತಲೇ ಇರುತ್ತಾರೆ. ಪ್ರತಿ ಸಲ ಅಲಗು ನೀರು ಹಿಡಿದಾಗ ಒಂದು ಸಣ್ಣ ಆಧಾರ ಸಿಗುತ್ತದೆ, ಜೊತೆಗೆ ದೋಣಿ ಚಲಿಸುತ್ತಿದ್ದರೆ ಸೈಕಲ್ಲಿನ ಹಾಗೆ ಹಿಡಿತ ಸುಲಭ. ಹೆದರಿದವರು ಮಾಡುವ ಮೊದಲ ತಪ್ಪು ಹುಟ್ಟನ್ನು ಗಾಳಿಯಲ್ಲಿ ಎತ್ತಿ ಹಿಡಿದು ಅಲೆಗಾಗಿ ಕಾಯುವುದು. ಗಾಳಿಯಲ್ಲಿರುವ ಅಲಗಿನಿಂದ ಏನೂ ಪ್ರಯೋಜನವಿಲ್ಲ.

ಅಲೆಗಳ ನಡುವೆ ಹುಟ್ಟಿನ ಹೊಡೆತ ಗಿಡ್ಡ ಇರಲಿ, ಬೇಗ ಬೇಗ ಬೀಳಲಿ. ಅಲೆಯ ನೆತ್ತಿಯಲ್ಲಿ ಅಲಗು ಹಾಕಿ. ತಗ್ಗಿನಲ್ಲಿ ಹಾಕಲು ಹೋದರೆ ಒಮ್ಮೊಮ್ಮೆ ನೀರೇ ಸಿಗುವುದಿಲ್ಲ, ಮೆಟ್ಟಿಲು ಇದೆ ಅಂತ ಕಾಲಿಟ್ಟು ಇಲ್ಲದ ಹಾಗಾಗುತ್ತದೆ. ದಿಕ್ಕು ತಿರುಗಿಸುವುದಕ್ಕೂ ನೆತ್ತಿಯೇ ಒಳ್ಳೆಯದು, ಆಗ ದೋಣಿಯ ಎರಡೂ ತುದಿ ನೀರಿನಿಂದ ಎದ್ದಿರುತ್ತವೆ. ಪಕ್ಕದಿಂದ ಗಾಳಿ ಬೀಸುತ್ತಿದ್ದರೆ ಹುಟ್ಟನ್ನು ಆದಷ್ಟು ಅಡ್ಡಲಾಗಿ, ಕೆಳಗೆ ಇಟ್ಟುಕೊಳ್ಳಿ. ಎತ್ತಿದ ಅಲಗಿಗೆ ಗಾಳಿ ಹಾಯಿಯ ಹಾಗೆ ಬಡಿಯುತ್ತದೆ. ಬಡಿದರೆ ಗಾಳಿಯ ಕಡೆಯ ಕೈಯನ್ನು ಸಡಿಲ ಬಿಡಿ, ಜಗ್ಗಾಡಬೇಡಿ. ಹಿಡಿತದ ವಿಷಯಕ್ಕೆ ಬಂದರೆ, ಕೋಳಿಮರಿ ಹಿಡಿದಷ್ಟು ಸಾಕು. ಬಿಗಿ ಹಿಡಿದ ಕೈ ಮೊಣಕೈಯನ್ನು, ಮೊಣಕೈ ಭುಜವನ್ನು, ಭುಜ ಸೊಂಟವನ್ನು ಬಿಗಿ ಮಾಡುತ್ತದೆ. ಆಗ ಕಂಡಕ್ಟರ್ ಹೋಗಿ ಮತ್ತೆ ಕಂಬ ಬಂತು.

ಎಲ್ಲಕ್ಕಿಂತ ಮೊದಲು ನೀರು ಓದಬೇಕು. ಅಲೆ ತನ್ನ ಎತ್ತರಕ್ಕಿಂತ ಸ್ವಲ್ಪ ಹೆಚ್ಚಿನ ಆಳಕ್ಕೆ ಬಂದಾಗ ಒಡೆಯುತ್ತದೆ. 1 ಮೀಟರ್ ಅಲೆ ಸುಮಾರು 1.3 ಮೀಟರ್ ಆಳದಲ್ಲಿ. ಹಾಗಾಗಿ ನೊರೆಯ ಗೆರೆ ಎಲ್ಲಿದೆಯೋ ಅಲ್ಲಿ ಮರಳಿನ ದಿಬ್ಬ ಇದೆ ಅಂತ ತಿಳಿಯಿರಿ. ಅಳಿವೆ ಬಾಗಿಲಿನಲ್ಲಿ ಇಳಿತದ ಹೊತ್ತು ಕೆಟ್ಟದ್ದು. ಹೊಳೆ ಹೊರಗೆ ನುಗ್ಗುತ್ತಿದೆ, ಕಡಲಿನ ಅಲೆ ಒಳಗೆ ಬರುತ್ತಿದೆ, ಎರಡೂ ಎದುರಾದಲ್ಲಿ ಅಲೆಗಳು ಗಿಡ್ಡವಾಗಿ ಕಡಿದಾಗಿ ಎದ್ದು ನಿಲ್ಲುತ್ತವೆ. ಗೋಕರ್ಣದ ಓಂ ಬೀಚಿನಿಂದ ಹಾಫ್ ಮೂನ್ ಕಡೆಗೆ ಬಂಡೆಗಳಿಗೆ ಅಂಟಿಕೊಂಡು ಹೋದರೆ ಬೇರೆ ತಮಾಷೆ. ಬಂಡೆಗೆ ಬಡಿದು ವಾಪಸ್ ಬಂದ ಅಲೆ ಹೊಸ ಅಲೆಗೆ ಡಿಕ್ಕಿಯಾಗಿ ನೀರು ಯಾವ ದಿಕ್ಕೂ ಇಲ್ಲದೆ ಸುಮ್ನೆ ಮೇಲೆ ಕೆಳಗೆ ಕುಣಿಯುತ್ತದೆ. ಅಲ್ಲಿ ಯಾವ ಕಡೆ ವಾಲಬೇಕು ಅಂತ ಯೋಚಿಸಲು ಹೋಗಬೇಡಿ. ಸೊಂಟ ಸಡಿಲ ಬಿಟ್ಟು ಹುಟ್ಟು ಹಾಕುತ್ತಾ ದೂರ ಹೋಗಿ.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನಮ್ಮ ಕರಾವಳಿಗೂ ಅಲೆಗಳ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಅಲೆಯ ಎತ್ತರ 1 ಮೀಟರ್ ಅಂತ ಇದ್ದರೆ ಎಲ್ಲ ಅಲೆಯೂ ಅಷ್ಟೇ ಅಂತಲ್ಲ. ಅದು ದೊಡ್ಡ ಮೂರನೇ ಒಂದು ಭಾಗದ ಅಲೆಗಳ ಸರಾಸರಿ. ನಡುವೆ ಒಂದೊಂದು ಅದರ ಎರಡರಷ್ಟೂ ಬರಬಹುದು. ಎತ್ತರದ ಜೊತೆ ಅವಧಿಯನ್ನೂ ನೋಡಿ. ಒಂದು ಅಲೆಯಿಂದ ಇನ್ನೊಂದಕ್ಕೆ 14 ಸೆಕೆಂಡ್ ಇದ್ದರೆ ಅದು ಬಹಳ ದೂರದಿಂದ ಬಂದ ಅಲೆ. ಹೊರಗೆ ಕಣ್ಣಿಗೇ ಕಾಣಿಸುವುದಿಲ್ಲ, ದಡಕ್ಕೆ ಬಂದಾಗ ಎದ್ದು ಹೊಡೆಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ ಇರುತ್ತದೆ. ಅದು ಮೀನು ಮರಿ ಹಾಕಲಿ ಅಂತ ಮಾಡಿದ್ದೇ ಆದರೂ, ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿರುವಾಗ ಐದು ಮೀಟರಿನ ಪ್ಲಾಸ್ಟಿಕ್ ದೋಣಿಗೆ ಅಲ್ಲೇನು ಕೆಲಸ?

ಅಭ್ಯಾಸ ಹಿನ್ನೀರಿನಲ್ಲೇ ಶುರುವಾಗಲಿ. ಹುಟ್ಟು ಬದಿಗಿಟ್ಟು, ಗೆಳೆಯರ ದೋಣಿಯ ಮೂತಿ ಹಿಡಿದು, ಕಿವಿ ನೀರಿಗೆ ತಾಗುವ ತನಕ ವಾಲಿ, ಸೊಂಟದಿಂದ ಮಾತ್ರ ನೆಟ್ಟಗಾಗುವುದನ್ನು ಕಲಿಯಿರಿ. ಕೈಗೆ ಭಾರ ಬಿತ್ತೋ ಇಲ್ಲವೋ ಅಂತ ಆ ದೋಣಿಯಲ್ಲಿ ಕೂತ ಗೆಳೆಯರೇ ಹೇಳುತ್ತಾರೆ. ನೀರು ಎದೆಮಟ್ಟ ಇರಲಿ. ಮೊಣಕಾಲು ಮಟ್ಟದ ನೀರಿನಲ್ಲಿ ಬ್ರೇಸ್ ಮಾಡಲು ಹೋದರೆ ಅಲಗು ಮರಳಿಗೆ ಕುಟ್ಟಿ ಭುಜಕ್ಕೆ ಪೆಟ್ಟಾಗುತ್ತದೆ. ಲೈಫ್ ಜಾಕೆಟ್ ಯಾವಾಗಲೂ, ದಡದ ಅಲೆಯಲ್ಲಿ ಹೆಲ್ಮೆಟ್ ಕೂಡ.

ಮೂರು ತಿಂಗಳ ಮೇಲೆ ಅದೇ ಸಸಿಹಿತ್ಲು, ಹೆಚ್ಚುಕಡಿಮೆ ಅದೇ ಅಲೆ. ದೋಣಿ ಮತ್ತೆ ಅಡ್ಡ ತಿರುಗಿತು. ಈ ಸಲ ಎಡಕ್ಕೆ ವಾಲಿ ನೊರೆಯ ಮೇಲೆ ಅಲಗು ಇಟ್ಟೆ. ಸದ್ದು ಕಿವಿಯ ಪಕ್ಕದಲ್ಲೇ, ಮುಖದ ತುಂಬ ನೀರು, ದೋಣಿ ಏಡಿಯ ಹಾಗೆ ಅಡ್ಡಡ್ಡ ಓಡಿ ಮರಳಿಗೆ ತಾಗಿತು. ಇಳಿದದ್ದು ಕಡಲಿನ ಬದಿಗೆ. ದೋಣಿ ಮತ್ತು ದಡದ ನಡುವೆ ನಿಂತರೆ ಮುಂದಿನ ಅಲೆ ನೀರು ತುಂಬಿದ ದೋಣಿಯನ್ನು ಕಾಲಿನ ಮೇಲೆ ತಂದು ಹಾಕುತ್ತದೆ, ಅದನ್ನು ಮೊದಲೇ ಹೇಳಿಸಿಕೊಂಡಿದ್ದೆ. ಎಲ್ಲ ಸರಿ ಮಾಡಿದೆ ಅಂದುಕೊಂಡು ಹುಟ್ಟು ಕೆಳಗಿಡಲು ಹೋದರೆ ಬೆರಳುಗಳೇ ಬಿಚ್ಚಲಿಲ್ಲ. ಕೋಳಿಮರಿ ಬದುಕಿರುವ ಸಾಧ್ಯತೆ ಇರಲಿಲ್ಲ.